ಹಿಂದಿನ ಕೋಣೆಯ ಗೋಡೆ

ಮಾರ್ಚ್ 3

ಅಂತೂ ಸಾಮಾನೆಲ್ಲ ಇಳಿಸಿದ್ದಾಯ್ತು. ಸೊಂಟ ನನ್ನದಲ್ಲ ಅನ್ನಿಸುತ್ತಿದೆ. ಆದರೂ ಇವತ್ತು ನಾಲ್ಕು ಸಾಲು ಬರೆಯಲೇಬೇಕು.

ಹತ್ತೊಂಬತ್ತು ವರ್ಷ ನಾಲ್ಕನೇ ಮಹಡಿಯಲ್ಲಿದ್ದವರು ನೆಲಕ್ಕೆ ಬಂದಿದ್ದೇವೆ. ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ತಂಗಿಯ ಶ್ವಾಸಕೋಶ ಕೈಕೊಡಲು ಶುರುವಾದ ಮೇಲೆ ಅವಳು ಕೆಳಗಿಳಿದದ್ದು ಆಸ್ಪತ್ರೆಗೆ ಮಾತ್ರ. ವಾಪಸು ಹತ್ತುವಾಗ ಒಂದೊಂದು ಮಹಡಿಗೂ ನಿಂತು, "ಅಕ್ಕ, ಇಲ್ಲಿಂದ ನೋಟ ಚೆನ್ನಾಗಿದೆ, ಸ್ವಲ್ಪ ನೋಡೋಣ" ಅಂತ ಸುಣ್ಣ ಉದುರಿದ ಗೋಡೆಯನ್ನೇ ನೋಡುತ್ತ ಉಸಿರು ಕೂಡಿಸಿಕೊಳ್ಳುತ್ತಿದ್ದಳು. ಇವತ್ತು ಕಾರಿನಿಂದಿಳಿದು ಎಂಟು ಹೆಜ್ಜೆ ನಡೆದು ಸೀದಾ ಒಳಗೆ ಬಂದಳು. ಬಂದು ತಿರುಗಿ ನೋಡಿ, "ಇಷ್ಟೇನಾ?" ಅಂದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಮನೆ ಮಾರಿದ ಮೇಷ್ಟ್ರು ಕೀಲಿಗಳಿಗೆಲ್ಲ ಚೀಟಿ ಕಟ್ಟಿ ಹೋಗಿದ್ದಾರೆ. ನಲವತ್ತು ವರ್ಷ ರೇಖಾಗಣಿತ ಕಲಿಸಿದ ಕೈ, ಅಕ್ಷರ ಅಚ್ಚು ಹಾಕಿದ ಹಾಗಿದೆ. ಅವರ ಹೆಂಡತಿಗೆ ಮರೆವಿನ ಕಾಯಿಲೆ. ಅಂಥವರನ್ನು ನೋಡಿಕೊಳ್ಳುವ ಆಶ್ರಮಕ್ಕೆ ಸೇರಿಸಿ, ಅದರ ಪಕ್ಕದಲ್ಲೇ ಒಂದು ಕೋಣೆ ಹಿಡಿದು ತಾವೂ ಇದ್ದಾರೆ. ಮನೆ ನೋಡಲು ಬಂದ ದಿನ ತಂಗಿ ನೇರವಾಗಿಯೇ ಕೇಳಿದ್ದಳು: "ಸರ್, ನನಗೆ ಉಸಿರಾಟದ ತೊಂದರೆ. ಮನೇಲಿ ಎಲ್ಲಾದರೂ ತೇವ ಇದೆಯಾ?" ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಇಪ್ಪತ್ತೆರಡು ವರ್ಷದಿಂದ ಇದ್ದೀವಮ್ಮ. ಅಂಥದ್ದೇನೂ ಇಲ್ಲ" ಅಂದಿದ್ದರು. ಒಳ್ಳೆಯ ಮನುಷ್ಯರು.

ಹಿಂದಿನ ಕೋಣೆ ತಂಗಿಗೆ. ಬೆಳಗಿನ ಬಿಸಿಲು ಮೊದಲು ಬರುವುದು ಅಲ್ಲಿಗೇ. ಒಂದು ಗೋಡೆಗೆ ಪೂರ್ತಿ ಮರದ ಹಲಗೆ ಹೊದಿಸಿದ್ದಾರೆ. ಸದ್ದು ಹೀರುತ್ತದೆ, ರೆಕಾರ್ಡಿಂಗಿಗೆ ಹೇಳಿ ಮಾಡಿಸಿದ ಕೋಣೆ ಅಂತ ಗುಬ್ಬಿ ಆಗಲೇ ಮೈಕು ಜೋಡಿಸಿಕೊಂಡು ಕೂತಿದ್ದಾಳೆ. ತಂಗಿ ಮೂರು ವರ್ಷದವಳಿದ್ದಾಗ ಒಂದೊಂದೇ ಅಗುಳು ಹೆಕ್ಕಿ ತಿನ್ನುತ್ತಿದ್ದಳು ಅಂತ ನಾನಿಟ್ಟ ಹೆಸರು ಗುಬ್ಬಿ. ನಲವತ್ತೈದಾದರೂ ಹೆಸರೂ ಬದಲಾಗಿಲ್ಲ, ತಿನ್ನುವ ರೀತಿಯೂ ಬದಲಾಗಿಲ್ಲ.

ಮಾರ್ಚ್ 22

ನಾನು ಕಲಿಸುವ ಡ್ರೈವಿಂಗ್ ಸ್ಕೂಲಿಗೆ ಹೊಸ ಶಿಷ್ಯರು ಬಂದಿದ್ದಾರೆ. ಅರವತ್ತೊಂದರ ದಂತವೈದ್ಯರು. ಜೀವಮಾನವಿಡೀ ಜನರ ಬಾಯೊಳಗೆ ಕೂದಲೆಳೆಯ ಲೆಕ್ಕದಲ್ಲಿ ಕೆಲಸ ಮಾಡಿದವರಿಗೆ ಒಂದು ಬಸ್ಸು ಹೋಗುವಷ್ಟು ಜಾಗದಲ್ಲಿ ಕಾರು ನುಗ್ಗಿಸಲು ಬರುವುದಿಲ್ಲ. "ಮೇಡಂ, ಕಣ್ಣು ಮುಚ್ಚಿಕೊಳ್ಳಲಾ?" ಅಂದರು. "ನಿಮ್ಮ ಪೇಷಂಟುಗಳು ಮುಚ್ಚಿಕೊಳ್ತಿದ್ದರು, ನೀವು ಬೇಡ" ಅಂದೆ.

ಗುಬ್ಬಿಗೆ ಕೇಳಿಸಲು ಇಂಥದ್ದನ್ನೆಲ್ಲ ಜೋಪಾನವಾಗಿ ಮನೆಗೆ ತರುತ್ತೇನೆ. ಅವಳೂ ನನಗಾಗಿ ಏನಾದರೂ ಇಟ್ಟುಕೊಂಡಿರುತ್ತಾಳೆ. ಅಂಧ ಮಕ್ಕಳ ಶಾಲೆಯ ಲೈಬ್ರರಿಗೆ ಅವಳು ಪುಸ್ತಕ ಓದಿ ರೆಕಾರ್ಡು ಮಾಡಿಕೊಡುವುದು ಶುರುವಾಗಿ ಹನ್ನೊಂದು ವರ್ಷ. ಇವತ್ತು ಸಮುದ್ರಯಾನದ ಕಥೆಯ ಇಡೀ ಒಂದು ಅಧ್ಯಾಯ ಒಂದೇ ಪಟ್ಟಿಗೆ ಓದಿದಳಂತೆ, ನಲವತ್ತು ನಿಮಿಷ. "ಮಧ್ಯೆ ಒಂದೇ ಸಲ ನೀರು ಕುಡಿದೆ ಅಕ್ಕ" ಅಂತ ಮಾರ್ಕ್ಸ್‌ಕಾರ್ಡ್ ತೋರಿಸುವವಳ ಹಾಗೆ ಹೇಳಿದಳು. ಈ ಮನೆ ನಮಗೆ ಹಿಡಿಸಿದೆ.

ಮೇ 29

ನಾಲ್ಕು ದಿನದಿಂದ ಬಿಟ್ಟೂ ಬಿಡದೆ ಮಳೆ. ಹಿಂದಿನ ಕೋಣೆಯಲ್ಲಿ ಒದ್ದೆ ಗೋಣಿಚೀಲದ ವಾಸನೆ. ಕಿಟಕಿ ತೆಗೆದರೂ ಹೋಗುತ್ತಿಲ್ಲ. ಗುಬ್ಬಿಗೆ ಬೆಳಗಿನ ಹೊತ್ತು ಕೆಮ್ಮು. ಹೊಸ ಜಾಗ, ಒಗ್ಗಬೇಕು ಅನ್ನುತ್ತಾಳೆ.

ಜೂನ್ 8

ಹಲಗೆ ಒಂದು ಕಡೆ ಉಬ್ಬಿ ಮೊಳೆ ಹೊರಗೆ ಬಂದಿತ್ತು. ಟೈರು ಬಿಚ್ಚುವ ಸಲಾಕೆ ತಂದು ಮೀಟಿದೆ. ಹಲಗೆ ಕಳಚಿತು.

ಹಿಂದೆ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಚಿಗೆ ಪಿನ್ನು ಹೊಡೆದು ಬಿಗಿದಿತ್ತು. ಅದನ್ನು ಹರಿದರೆ ಗೋಡೆ ನೆಲದಿಂದ ನನ್ನ ಭುಜದವರೆಗೆ ಕಪ್ಪು. ಕಪ್ಪಿನ ಮೇಲೆ ಹಸಿರು, ಹಸಿರಿನ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಬೆರಳಿಟ್ಟರೆ ಗಾರೆ ನೆನೆದ ರಸ್ಕಿನ ಹಾಗೆ ಒಳಗೆ ಹೋಯಿತು. ಕೆಳಗಡೆ ಎಲ್ಲೋ ನೀರು ಹರಿಯುವ ಸದ್ದು.

ಗುಬ್ಬಿ ಬಾಗಿಲಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದಳು. ಆಮೇಲೆ, "ಪ್ಲಾಸ್ಟಿಕ್ ಹೊಡೆಸಿದ್ದಾರಲ್ಲ ಅಕ್ಕ. ಹಾಗಾದ್ರೆ ನಾನು ಕೇಳಿದಾಗ ಅವರಿಗೆ ಗೊತ್ತಿತ್ತು" ಅಂದಳು.

ಕೋಪದ ಧ್ವನಿಯಲ್ಲ. ಓದುತ್ತಿದ್ದ ಪುಸ್ತಕದಲ್ಲಿ ಒಂದು ಹಾಳೆ ಇಲ್ಲ ಅಂತ ಗೊತ್ತಾದವಳ ಧ್ವನಿ.

ಜೂನ್ 10

ಮೇಷ್ಟ್ರ ಕೋಣೆಗೆ ಹೋಗಿದ್ದೆ. ಒಂದು ಮಂಚ, ಒಂದು ಕುರ್ಚಿ. ಕುರ್ಚಿ ನನಗೆ ಕೊಟ್ಟು ತಾವು ಮಂಚದ ತುದಿಯಲ್ಲಿ ಕೂತರು. ಫೋಟೋ ತೋರಿಸಿದೆ. ನೋಡಿದರು, ಮೊಬೈಲು ವಾಪಸು ಕೊಟ್ಟರು.

"ಹಳೇ ಮನೆ ಅಂದಮೇಲೆ ಸಣ್ಣಪುಟ್ಟದ್ದು ಇದ್ದೇ ಇರುತ್ತೆ. ನೀವು ನೋಡೇ ತಗೊಂಡಿದ್ದು."

"ನನ್ನ ತಂಗಿ ಬಾಯಿಬಿಟ್ಟು ಕೇಳಿದಳು ಸರ್, ತೇವ ಇದೆಯಾ ಅಂತ."

"ನನಗೆ ನೆನಪಿಲ್ಲ."

ಮರೆವಿನ ಕಾಯಿಲೆ ಹೆಂಡತಿಗೋ ಗಂಡನಿಗೋ. ಇಪ್ಪತ್ತಾರು ವರ್ಷದಿಂದ ಬೇರೆಯವರಿಗೆ ಗಾಡಿ ಓಡಿಸಲು ಕಲಿಸುತ್ತಿರುವವಳು ಇವತ್ತು ವಾಪಸು ಬರುವಾಗ ಕಾರು ರಸ್ತೆ ಪಕ್ಕಕ್ಕೆ ಹಾಕಿ ಹತ್ತು ನಿಮಿಷ ಸುಮ್ಮನೆ ಕೂತೆ. ಅವನನ್ನು ಬಿಡುವುದಿಲ್ಲ.

ಜೂನ್ 16

ಲಾಯರಮ್ಮನ ಆಫೀಸು ಚಪ್ಪಲಿ ಅಂಗಡಿಯ ಮೇಲೆ. ಮೆಟ್ಟಿಲ ಮೇಲೂ ಫೈಲು. ನನಗಿಂತ ಹತ್ತು ವರ್ಷ ಚಿಕ್ಕವರಿರಬೇಕು, ಪೆನ್ಸಿಲ್ ಕಚ್ಚುತ್ತ ಕೇಳಿಸಿಕೊಳ್ಳುತ್ತಾರೆ. ಕ್ರಯಪತ್ರವನ್ನು ಎರಡು ಸಲ ಓದಿದರು.

"ನಿಮಗೆ ದಾರಿ ಇದೆ. ಮಾರಾಟಾನೇ ರದ್ದು ಮಾಡಿ ಅಂತ ಕೇಳಬಹುದು. ಮನೆ ಅವರಿಗೆ, ದುಡ್ಡು ನಿಮಗೆ. ಇಲ್ಲಾಂದ್ರೆ ಮನೆ ಇಟ್ಕೊಂಡು, ಸರಿಮಾಡಿಸೋ ಖರ್ಚು, ಆದ ನಷ್ಟ ಕಟ್ಟಿಕೊಡಿ ಅನ್ನಬಹುದು. ಕೂತು ಮಾತಾಡಿ ಮುಗಿಸ್ತೀವಿ ಅಂದ್ರೆ ಅದೂ ಆಗುತ್ತೆ."

"ಪೊಲೀಸಿಗೆ ಕೊಟ್ಟರೆ?"

"ಮೋಸದ ದೂರು ಕೊಡಬಹುದು. ಅದು ಅವರನ್ನ ಹೆದರಿಸುತ್ತೆ, ನಿಮ್ಮ ಗೋಡೆ ಒಣಗಿಸಲ್ಲ."

ಕಣ್ಣಿಗೆ ಕಾಣುವ ದೋಷಕ್ಕೆ ಕೊಳ್ಳುವವರೇ ಹೊಣೆಯಂತೆ. ಬೇಕೆಂದೇ ಮುಚ್ಚಿಟ್ಟದ್ದು, ಕೇಳಿದಾಗ ಇಲ್ಲ ಅಂದದ್ದು ಬೇರೆ ಮಾತು. ಆದರೆ ಅವನಿಗೆ ಗೊತ್ತಿತ್ತು ಅಂತ ನಾವು ತೋರಿಸಬೇಕು. "ಅದಕ್ಕೇ ಹೇಳ್ತೀನಿ, ಗೋಡೆ ಮುಟ್ಟಬೇಡಿ. ಕೋರ್ಟಿಂದ ಒಬ್ಬರು ಕಮಿಷನರ್ ಬಂದು ಕಣ್ಣಾರೆ ನೋಡಿ ವರದಿ ಬರೀಬೇಕು. ಅಲ್ಲೀವರೆಗೆ ಆ ಗೋಡೇನೇ ನಿಮ್ಮ ಸಾಕ್ಷಿ."

ಬಾಗಿಲವರೆಗೆ ಬಂದು ಕೇಳಿದರು: "ತಂಗೀನ ಅಷ್ಟು ದಿನ ಬೇರೆ ಕಡೆ ಇರಿಸೋಕಾಗುತ್ತಾ?"

ನೋಡ್ತೀನಿ ಅಂದೆ.

ಜೂನ್ 17

ಗುಬ್ಬಿಯ ಮಂಚ ಹಾಲಿಗೆ ಬಂತು. ಹಿಂದಿನ ಕೋಣೆಯ ಬಾಗಿಲ ಸಂದಿಗೆಲ್ಲ ಅಗಲದ ಟೇಪು ಹಚ್ಚಿದೆ. ಮೈಕು ಊಟದ ಮೇಜಿನ ಮೇಲೆ. "ಫ್ರಿಜ್ಜಿನ ಸದ್ದು ಬರುತ್ತೆ, ಮಕ್ಕಳು ಹಡಗಿನ ಎಂಜಿನ್ ಅಂದ್ಕೊಳ್ಳಲಿ" ಅಂದಳು.

ಜೂನ್ 30

ಇವತ್ತು ಸಾಕ್ಷಿ ಸಿಕ್ಕಿತು. ಪಕ್ಕದ ಮನೆಯ ಬೇಕರಿಯಾಕೆ ಬ್ರೆಡ್ಡು ಸುತ್ತಿಕೊಡುತ್ತ, ಎರಡು ವರ್ಷದ ಹಿಂದೆ ಮೇಷ್ಟ್ರ ಹಿತ್ತಿಲ ಕೆಳಗಿನ ಹಳೇ ಮೋರಿ ಕಟ್ಟಿಕೊಂಡು ಗೋಡೆ ಹಸಿಯಾಗಿತ್ತು, ತನ್ನ ಅಂಗಡಿಗೆ ಒಲೆ ಕಟ್ಟಿದ ಗಾರೆ ಕೆಲಸದವನನ್ನೇ ಕರೆಸಿದ್ದರು ಅಂದಳು. ಅವನ ನಂಬರೂ ಕೊಟ್ಟಳು.

ಮಧ್ಯಾಹ್ನದ ಎರಡು ಕ್ಲಾಸು ಬಿಟ್ಟು ಅವನನ್ನು ಹುಡುಕಿಕೊಂಡು ಹೋದೆ. ಅರೆಕಟ್ಟಿದ ಒಂದು ಕಟ್ಟಡದ ಮೇಲಿಂದ ಇಳಿದು ಬಂದ. ಮುಚ್ಚುಮರೆ ಇಲ್ಲದ ಮನುಷ್ಯ. "ಒಡೆದು ಮೋರಿ ತಿರುಗಿಸಿ ಹೊಸದಾಗಿ ಕಟ್ಟಬೇಕು ಅಂದೆ ಅಕ್ಕಾ. ಅಷ್ಟೆಲ್ಲ ಆಗಲ್ಲಪ್ಪ, ಕಾಣದ ಹಾಗೆ ಮಾಡಿಕೊಡು ಅಂದರು. ನಾನು ಕೂಲಿಯವನು, ಮಾಡಿದೆ." ಕೋರ್ಟಿಗೆ ಬಂದು ಹೇಳ್ತೀಯಾ ಅಂದೆ. ಕೈಗೆ ಮೆತ್ತಿದ್ದ ಸಿಮೆಂಟು ಉಜ್ಜಿಕೊಂಡು ಹೂಂ ಅಂದ.

ಹಾರಿಕೊಂಡು ಮನೆಗೆ ಬಂದು ಗುಬ್ಬಿಗೆ ಎಲ್ಲ ಹೇಳಿದೆ. ಅವಳು ಆಕ್ಸಿಜನ್ ನಳಿಕೆ ಮೂಗಿಗೆ ಹಾಕಿಕೊಂಡಿದ್ದಳು. ಕಳೆದ ವಾರ ಡಾಕ್ಟರು ಬರೆದುಕೊಟ್ಟದ್ದು. ಕಣ್ಣಲ್ಲೇ ನಕ್ಕಳು.

ಜುಲೈ 11

ಲಾಯರಮ್ಮ ಕಳಿಸಿದ್ದ ನೋಟಿಸಿಗೆ ಮೇಷ್ಟ್ರ ಲಾಯರಿಂದ ಉತ್ತರ ಬಂತು. ಮನೆಯನ್ನು ಇದ್ದ ಸ್ಥಿತಿಯಲ್ಲೇ ಒಪ್ಪಿ ಕೊಂಡಿರುತ್ತೀರಿ, ನಮ್ಮ ಕಕ್ಷಿದಾರರು ಯಾವುದನ್ನೂ ಮರೆಮಾಚಿರುವುದಿಲ್ಲ, ಅಂತ. ನನಗೆ ಇಡೀ ಕಾಗದ ಬಾಯಿಪಾಠ ಆಗಿದೆ. ಇವತ್ತು ದಂತವೈದ್ಯರಿಗೆ ಎಡಕ್ಕೆ ಅನ್ನುವ ಬದಲು "ಪ್ರತಿವಾದಿ" ಅಂದೆನಂತೆ. ಅವರು ಬಲಕ್ಕೆ ತಿರುಗಿಸಿ ಕಂಬಕ್ಕೆ ತಾಗಿಸಿದರು. ಬಂಪರ್ ಹೋಯ್ತು. ಸ್ಕೂಲಿನ ಮಾಲೀಕರ ಹತ್ತಿರ ಬೈಸಿಕೊಂಡೆ.

ಮನೆಗೆ ಹೋಗಿ ಇದನ್ನು ಹೇಳುವುದೇ ಮರೆತೆ. ಉತ್ತರಕ್ಕೆ ಪ್ರತ್ಯುತ್ತರ ಬರೆಯುತ್ತ ಕೂತುಬಿಟ್ಟೆ.

ಜುಲೈ 26

ದಾವೆ ಹೂಡಿದ್ದಾಯ್ತು. ಮಾರಾಟ ರದ್ದು ಮಾಡಿ, ಅದಾಗದಿದ್ದರೆ ನಷ್ಟ ಕಟ್ಟಿಕೊಡಿ ಅಂತ ಎರಡನ್ನೂ ಕೇಳಿದ್ದೇವೆ. ಕಮಿಷನರ್ ನೇಮಕಕ್ಕೆ ಅರ್ಜಿಯೂ ಜೊತೆಗೇ. ಕೋರ್ಟಿನ ಪಡಸಾಲೆಯಲ್ಲಿ ಅವನು ದೂರದ ಬೆಂಚಿನ ಮೇಲೆ ಕೂತಿದ್ದ. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನನ್ನು ನೋಡಿ ಎದ್ದು ನಿಂತ, ಅಭ್ಯಾಸಬಲ. ನಾನು ಮುಖ ತಿರುಗಿಸಿದೆ.

ಗುಬ್ಬಿ ಇವತ್ತು ಆರು ನಿಮಿಷ ಓದಿದಳಂತೆ.

ಆಗಸ್ಟ್ 4

ಬೆಳಗ್ಗೆ ಬೂಟು ಹಾಕಿಕೊಳ್ಳುತ್ತಿದ್ದಾಗ ಗುಬ್ಬಿ, "ಅಕ್ಕ, ಆ ಗೋಡೆ ಕೆಡವಿಬಿಡೋಣ" ಅಂದಳು.

"ಕಮಿಷನರ್ ಬರಲಿ ತಾಳು. ಕೆಡವಿದರೆ ನಮ್ಮ ಹತ್ತಿರ ಏನು ಉಳಿಯುತ್ತೆ?"

"ಫೋಟೋ ಇದೆಯಲ್ಲ."

"ಫೋಟೋನ ಯಾರು ಬೇಕಾದರೂ ಸುಳ್ಳು ಅನ್ನಬಹುದು."

"ಸುಣ್ಣನಾದರೂ ಬಳಿಸೋಣ. ಟೇಪು ನಿಲ್ತಾ ಇಲ್ಲ. ವಾಸನೆ ಇಲ್ಲೀತನಕ ಬರುತ್ತೆ."

ಸುಣ್ಣ ಬಳಿದರೆ ಅವನು ಮಾಡಿದ್ದನ್ನೇ ನಾವೂ ಮಾಡಿದ ಹಾಗಾಗುತ್ತೆ ಅಂದೆ. ಮಾತು ಚೆನ್ನಾಗಿ ಬಂತು ಅನ್ನಿಸಿತು. ಸಂಜೆ ಲಾಯರಮ್ಮನಿಗೂ ಹೇಳಿದೆ. ಅವರು ನಗಲಿಲ್ಲ. ತಂಗಿ ಇನ್ನೂ ಅಲ್ಲೇ ಇದ್ದಾರಾ ಅಂತ ಕೇಳಿದರು.

ಆಗಸ್ಟ್ 18

ಅಂಧ ಮಕ್ಕಳ ಶಾಲೆಯ ಲೈಬ್ರರಿಯಾಕೆ ಮನೆಗೆ ಬಂದಿದ್ದಳು. ಗುಬ್ಬಿಯ ಹಳೇ ಗೆಳತಿ. ತನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ, ಕೆಳಗಿನ ಅಂತಸ್ತು, ಬಿಸಿಲು ಬರುತ್ತೆ, ಎಷ್ಟು ದಿನವಾದರೂ ಇರಲಿ ಅಂದಳು. ಕೈಯಲ್ಲಿ ಚೀಲ ಹಿಡಿದೇ ಬಂದಿದ್ದಳು, ಬಟ್ಟೆ ತುಂಬಿಕೊಂಡು ಹೋಗಲು.

ನಮ್ಮ ಮನೆ ಬಿಟ್ಟು ನಾವ್ಯಾಕೆ ಹೋಗಬೇಕು ಅಂದೆ. ನಾವು ಹೊರಟೆವು ಅಂದರೆ ಅವನು ಗೆದ್ದ ಹಾಗೆ. ಕಮಿಷನರ್ ಬಂದಾಗ ಮನೆಯಲ್ಲಿ ಕಾಯಿಲೆಯವರು ಇರುವುದನ್ನು ನೋಡಬೇಕು, ಬರೀ ಖಾಲಿ ಹಾಲು ನೋಡಿದರೆ ಏನು ಬರೆಯುತ್ತಾರೆ? ಇನ್ನು ಎರಡೇ ವಾರ.

ಗೆಳತಿ ಗುಬ್ಬಿಯ ಕಡೆ ನೋಡಿದಳು. ಗುಬ್ಬಿ ನನ್ನ ಕಡೆ ನೋಡಿದಳು. "ಅಕ್ಕ ಒಬ್ಬಳೇ ಆಗ್ತಾಳೆ ಕಣೇ" ಅಂದಳು.

ಚೀಲ ಖಾಲಿಯೇ ಹೋಯಿತು.

ಸೆಪ್ಟೆಂಬರ್ 1

ಕಮಿಷನರ್ ಬರಲಿಲ್ಲ. ಹತ್ತನೇ ತಾರೀಕಿಗೆ ಮುಂದೂಡಿದ್ದಾರೆ. ಇಡೀ ದಿನ ರಜೆ ಹಾಕಿ ಕಾದದ್ದು ದಂಡ.

ಸೆಪ್ಟೆಂಬರ್ 10

ಬಂದರು. ಹನ್ನೊಂದಕ್ಕೆ ಬಂದು ಒಂದೂವರೆಯವರೆಗೆ ಇದ್ದರು. ಅಳತೆ ಟೇಪು, ತೇವ ಅಳೆಯುವ ಯಂತ್ರ, ಎಲ್ಲ ತಂದಿದ್ದರು. ಯಂತ್ರದ ಮುಳ್ಳು ಕೊನೆ ಮುಟ್ಟಿ ನಿಂತಿತು. ಗಾರೆಯವನು ತಾನು ಹೊಡೆದ ಮೊಳೆಗಳನ್ನು ತಾನೇ ತೋರಿಸಿದ. ಎದುರು ಪಕ್ಷದ ಲಾಯರು ಎಲ್ಲ ಬರೆದುಕೊಂಡ. ಲಾಯರಮ್ಮ ಹೋಗುವಾಗ, "ಇದಕ್ಕಿಂತ ಗಟ್ಟಿ ವರದಿ ನಾನು ನೋಡಿಲ್ಲ" ಅಂದರು. ನಾಳೆಯಿಂದ ಗೋಡೆಯನ್ನು ಏನು ಬೇಕಾದರೂ ಮಾಡಬಹುದಂತೆ.

ಎಷ್ಟೋ ತಿಂಗಳ ಮೇಲೆ ಹೊಟ್ಟೆ ತುಂಬ ಉಂಡೆ. ಬಾಗಿಲು ಅಷ್ಟು ಹೊತ್ತು ತೆರೆದಿಟ್ಟಿದ್ದರಿಂದ ಗುಬ್ಬಿಗೆ ಕೆಮ್ಮು ಜಾಸ್ತಿಯಾಗಿ ಅಡಿಗೆಮನೆಯಲ್ಲೇ ಕೂತಿದ್ದಳು. ಅವಳು ಊಟ ಮಾಡಲಿಲ್ಲ.

ಸೆಪ್ಟೆಂಬರ್ 12

ಬೆಳಗ್ಗೆ ಆರಕ್ಕೆ ಗುಬ್ಬಿಯ ತುಟಿ ನೀಲಿಯಾಗಿತ್ತು. ನಾನೇ ಕಾರು ಓಡಿಸಿದೆ. ಆಸ್ಪತ್ರೆಗೆ ಸೇರಿಸಿಕೊಂಡರು.

ಸೆಪ್ಟೆಂಬರ್ 17

ಮಾಸ್ಕು ಹಾಕಿದ್ದಾರೆ. ಮಾತಾಡಲು ಆಗುವುದಿಲ್ಲ. ನರ್ಸಮ್ಮ ಒಂದು ಪ್ಯಾಡೂ ಪೆನ್ನೂ ಕೊಟ್ಟಿದ್ದಾಳೆ. ಗಾರೆಯವನಿಗೆ ಹೇಳಿದ್ದೇನೆ, ನೀನು ಮನೆಗೆ ಬರುವುದರೊಳಗೆ ಗೋಡೆ ಬೀಳುತ್ತೆ ಅಂತ ಗುಬ್ಬಿಗೆ ಅಂದೆ. ಅವಳು ಬರೆದಳು: "ಅವನಿಗೂ ಮೂಗಿಗೆ ಬಟ್ಟೆ ಕಟ್ಟಿಕೊಳ್ಳೋಕೆ ಹೇಳು."

ಆಮೇಲೆ ಪ್ಯಾಡು ತಿರುಗಿಸಿ ಇನ್ನೊಂದು ಸಾಲು ಬರೆದಳು: "ಇಪ್ಪತ್ತಮೂರನೇ ಅಧ್ಯಾಯ ಅರ್ಧ ಆಗಿದೆ. ಯಾರಾದರೂ ಮುಗಿಸಲಿ. ನೀನು ಬೇಡ, ಎಲ್ಲದಕ್ಕೂ ಬ್ರೇಕ್ ಹಾಕ್ತಾ ಓದ್ತೀಯ."

ಸೆಪ್ಟೆಂಬರ್ 21

ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ.

ಅಕ್ಟೋಬರ್ 14

ಕೆಲಸಕ್ಕೆ ಹೋಗುತ್ತಿದ್ದೇನೆ. ದಂತವೈದ್ಯರಿಗೆ ಲೈಸೆನ್ಸು ಸಿಕ್ಕಿತು. ಒಂದು ಡಬ್ಬ ಸಿಹಿ ತಂದುಕೊಟ್ಟರು, ತಂಗಿಗೂ ಕೊಡಿ ಅಂದರು. ಅವರಿಗೆ ಗೊತ್ತಿರಲಿಲ್ಲ. ಆಗಲಿ ಅಂದೆ.

ಹಾಲಿನಲ್ಲಿ ಮಂಚ ಹಾಗೇ ಇದೆ. ಗಾರೆಯವನು ಎರಡು ಸಲ ಬಂದು ಹೋದ. ಆಮೇಲೆ ನೋಡೋಣ ಅಂದೆ.

ನವೆಂಬರ್ 6

ಕೋರ್ಟು ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಿದೆ. ಲಾಯರಮ್ಮ ಕರೆಸಿದ್ದರು. ಪೆನ್ಸಿಲ್ ಕಚ್ಚಲಿಲ್ಲ ಇವತ್ತು.

"ವರದಿ ನಮ್ಮ ಪರ ಇದೆ. ಗಾರೆಯವನ ಮಾತೂ ಇದೆ. ಆದ್ರೆ ಮೇಷ್ಟ್ರ ಹತ್ತಿರ ಏನೂ ಉಳಿದಿಲ್ಲ, ಬಂದದ್ದೆಲ್ಲ ಆಶ್ರಮಕ್ಕೆ ಕಟ್ಟಿದ್ದಾರೆ. ಮಾರಾಟ ರದ್ದು ಅಂದ್ರೆ ವಾಪಸು ಕೊಡೋಕೆ ಅವರಿಗೆ ಆಗಲ್ಲ. ನಷ್ಟಪರಿಹಾರಕ್ಕೆ ಒಪ್ಪೋದು ಒಳ್ಳೇದು. ತಂಗಿಯವರ ವಿಷಯಾನೂ ಸೇರಿಸ್ತೀನಿ."

ಡಾಕ್ಟರು ಏನಂತಾರೆ ಅಂದೆ.

"ಮೊದಲೇ ಸೋತಿದ್ದ ಶ್ವಾಸಕೋಶ, ಬೂಷ್ಟಿನ ಪಾಲು ಎಷ್ಟು ಅಂತ ಖಚಿತವಾಗಿ ಹೇಳಕ್ಕಾಗಲ್ಲ ಅಂತ ಬರೆದಿದ್ದಾರೆ." ಫೈಲು ಮುಚ್ಚಿದರು. "ಅವರ ಕಡೆ ಲಾಯರು ಒಂದು ಪ್ರಶ್ನೆ ಖಂಡಿತ ಕೇಳ್ತಾರೆ. ಗೋಡೆ ಹೀಗಿದೆ ಅಂತ ಗೊತ್ತಾದ ಮೇಲೂ ತಂಗಿ ಎಷ್ಟು ದಿನ ಆ ಮನೇಲಿದ್ದರು, ಯಾಕಿದ್ದರು ಅಂತ. ಹಾನಿ ಆದವರೂ ಅದು ಹೆಚ್ಚಾಗದ ಹಾಗೆ ನೋಡಿಕೋಬೇಕು ಅನ್ನುತ್ತೆ ಕಾನೂನು. ಹೋಗೋಕೆ ಅವರೇ ಒಪ್ಪಲಿಲ್ಲ ಅಂದುಬಿಡಿ. ಸುಳ್ಳೇನಲ್ಲ, ಅವರು ಹೋಗಲಿಲ್ಲ ತಾನೇ?"

ಅವಳು ಹೋಗಲಿಲ್ಲ, ನಿಜ.

ತಾರೀಕುಗಳನ್ನ ಬರೆದಿಟ್ಟಿದ್ದೀರಾ ಅಂತ ಕೇಳಿದರು. ಇಲ್ಲ ಅಂದೆ.

ನವೆಂಬರ್ 7

ಈ ಪುಸ್ತಕವನ್ನು ಮೊದಲಿನಿಂದ ಓದಿದೆ. ಜೂನ್ ಎಂಟರಿಂದ ಸೆಪ್ಟೆಂಬರ್ ಹನ್ನೆರಡು. ತೊಂಬತ್ತಾರು ದಿನ.

ಜುಲೈ ಇಪ್ಪತ್ತಾರರಂದು ಅವಳು ಆರು ನಿಮಿಷ ಓದಿದಳು ಅಂತ ಬರೆದಿದ್ದೇನೆ. ಮಾರ್ಚಿನಲ್ಲಿ ನಲವತ್ತು. ಬರೆಯುವಾಗ ಕಾಣಲಿಲ್ಲ. ಆಗಸ್ಟ್ ನಾಲ್ಕರಂದು ಕೇಳಿದಳು. ಆಗಸ್ಟ್ ಹದಿನೆಂಟರಂದು ಅವಳ ಬಟ್ಟೆಗೆ ಅಂತ ತಂದ ಚೀಲ ಖಾಲಿ ಹೋಯಿತು, ಅದನ್ನೂ ನಾನೇ ಬರೆದಿದ್ದೇನೆ.

ಹರಿದು ಹಾಕೋಣ ಅಂತ ಆ ಹಾಳೆ ಹಿಡಿದೆ. ಆಗಲಿಲ್ಲ.

ನವೆಂಬರ್ 27

ಮಧ್ಯಸ್ಥಿಕೆಯ ಕೋಣೆ ಚಿಕ್ಕದು. ಒಂದು ಉದ್ದನೆ ಮೇಜು, ಆರು ಕುರ್ಚಿ, ಕಿಟಕಿಯ ಹೊರಗೆ ಯಾರದೋ ಸ್ಕೂಟರು ಸ್ಟಾರ್ಟ್ ಆಗದೆ ಗೊಣಗುತ್ತಿತ್ತು. ಮಧ್ಯಸ್ಥರು ವಯಸ್ಸಾದ ಹೆಂಗಸು, ನಿವೃತ್ತ ನ್ಯಾಯಾಧೀಶರಂತೆ. ಎದುರಿಗೆ ಅವನು. ಆರು ತಿಂಗಳಲ್ಲಿ ಅಂಗಿ ಎರಡು ಅಳತೆ ದೊಡ್ಡದಾದ ಹಾಗೆ ಕಾಣುತ್ತಿದ್ದ.

ಅವನ ಲಾಯರು ಕೇಳಿಯೇ ಕೇಳಿದ. "ಗೋಡೆಯ ಸ್ಥಿತಿ ತಿಳಿದ ಮೇಲೆ ನಿಮ್ಮ ತಂಗಿ ಎಷ್ಟು ದಿನ ಅಲ್ಲಿದ್ದರು ಮೇಡಂ?"

"ತೊಂಬತ್ತಾರು."

"ಬೇರೆ ಕಡೆ ಇರಿಸಬಹುದಿತ್ತಲ್ಲ?"

ಲಾಯರಮ್ಮ ನನ್ನ ಕಡೆ ತಿರುಗಿದರು. ನಾನು ಮೇಜಿನ ಮೇಲಿನ ನೀರಿನ ಲೋಟ ನೋಡುತ್ತಿದ್ದೆ.

"ಇರಿಸಬಹುದಿತ್ತು. ಗೆಳತಿ ಕೋಣೆ ಕೊಡ್ತೀನಿ ಅಂತ ಬಂದಿದ್ದಳು. ನಾನು ಕಳಿಸಲಿಲ್ಲ. ಗೋಡೆ ಕೆಡವೋಣ ಅಂತ ಅವಳು ಕೇಳಿದಳು, ಸುಣ್ಣನಾದರೂ ಬಳಿಸೋಣ ಅಂದಳು. ಕೇಸು ಗಟ್ಟಿಯಾಗಿ ನಿಲ್ಲಲಿ ಅಂತ ನಾನು ತಡೆದೆ. ಅವಳಿಗೆ ಹೋಗೋಕೆ ಮನಸ್ಸಿತ್ತು. ನನಗೋಸ್ಕರ ಉಳಿದಳು."

ಲಾಯರಮ್ಮ ಪೆನ್ನು ಕೆಳಗಿಟ್ಟರು. ಆಗ ಮೇಷ್ಟ್ರು ಮಾತಾಡಿದರು, ಯಾರನ್ನೂ ನೋಡದೆ.

"ಆ ಹೆಣ್ಣುಮಗು ನನ್ನ ಕೇಳಿತು. ತೇವ ಇದೆಯಾ, ನನಗೆ ಉಸಿರಿನ ತೊಂದರೆ ಅಂತ. ನೆನಪಿದೆ."

"ಸರ್, ನೀವು ಸುಮ್ಮನಿರಿ" ಅಂತ ಅವರ ಲಾಯರು ತೋಳು ಹಿಡಿದ.

"ಸುಮ್ಮನಿದ್ದೆನಲ್ಲಪ್ಪ ಇಷ್ಟು ದಿನ." ಕನ್ನಡಕ ತೆಗೆದರು, ಒರೆಸಲಿಲ್ಲ, ಕೈಯಲ್ಲೇ ಹಿಡಿದುಕೊಂಡರು. "ಇದೆ ಅಂದಿದ್ದರೆ ಇವರು ತಗೋತಿರಲಿಲ್ಲ. ಮುಂಚೆ ಬಂದ ಇಬ್ಬರಿಗೆ ಹೇಳಿದ್ದೆ. ಇಬ್ಬರೂ ಹೊರಟುಹೋದರು. ಆ ತಿಂಗಳ ಕೊನೇಲಿ ಆಶ್ರಮದಲ್ಲಿ ಜಾಗ ಕೈತಪ್ಪುತ್ತಿತ್ತು. ಮೂರನೇ ಸಲ ಹೇಳೋಕೆ ಬಾಯಿ ಬರಲಿಲ್ಲ."

ರಾಜಿಯಲ್ಲಿ ಮುಗಿಯಿತು. ಗೋಡೆ ಒಡೆದು, ಮೋರಿ ತಿರುಗಿಸಿ, ಹೊಸದಾಗಿ ಕಟ್ಟುವ ಖರ್ಚು ಅವರದು, ಪಿಂಚಣಿಯಿಂದ ಕಂತಿನಲ್ಲಿ. ಮನೆ ನನ್ನದೇ. ತಂಗಿಯ ವಿಷಯಕ್ಕೆ ಏನು ಬೇಕು ಅಂತ ಮಧ್ಯಸ್ಥರು ಕೇಳಿದರು. ಏನೂ ಬೇಡ ಅಂದೆ. ಹೊರಗೆ ಬಂದ ಮೇಲೆ ಲಾಯರಮ್ಮ, "ಇನ್ನೂ ಜಾಸ್ತಿ ಸಿಗ್ತಿತ್ತು" ಅಂದರು. ಸ್ವಲ್ಪ ದೂರ ನಡೆದು ಅವರೇ ವಾಪಸು ಬಂದು, ನನ್ನ ಹೆಗಲ ಮೇಲೆ ಕೈಯಿಟ್ಟು ಹೋದರು.

ಡಿಸೆಂಬರ್ 9

ಗಾರೆಯವನು ಎಂಟಕ್ಕೇ ಬಂದ. ನಾನೇ ಅವನ ಮೂಗಿಗೆ ಬಟ್ಟೆ ಕಟ್ಟಿಸಿದೆ. ಹನ್ನೊಂದರ ಹೊತ್ತಿಗೆ ಅರ್ಧ ಗೋಡೆ ಅಂಗಳದಲ್ಲಿ ಗುಡ್ಡೆ ಬಿದ್ದಿತ್ತು. ಇಟ್ಟಿಗೆಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು.

ನೀರು ಹಿಡಿಯಲು ಹೊರಗೆ ಬಂದರೆ ಗೇಟಿನ ಹತ್ತಿರ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಒಳಗೆ ಬನ್ನಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಗೇಟು ತೆಗೆದೆ. ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತರು. ಗೋಡೆಯಿದ್ದ ಕಡೆ ಈಗ ಹಿತ್ತಿಲು ಕಾಣುತ್ತಿತ್ತು.

"ಮಗು ಎಲ್ಲಿ ಮಲಗ್ತಿತ್ತು?"

"ಮೊದಲು ಇಲ್ಲಿ. ಆಮೇಲೆ ಹಾಲಿನಲ್ಲಿ."

ತಲೆಯಾಡಿಸಿದರು. ಧೂಳಿಗೆ ಕೆಮ್ಮು ಬಂತು. ನೀರು ಕೊಟ್ಟೆ. ಕುಡಿದು ಲೋಟ ತೊಳೆದಿಟ್ಟರು. ಹೊರಟರು. ಬಸ್ ನಿಲ್ದಾಣದವರೆಗೆ ಹೋಗಬಲ್ಲವರ ಹಾಗೆ ಕಾಣಲಿಲ್ಲ. ಕಾರಿನ ಕೀಲಿ ತಂದೆ. "ಹತ್ತಿ ಸರ್" ಅಂದೆ. ಕ್ಷಮಿಸಿದೆ ಅಂತಲ್ಲ. ಬೇರೇನು ಮಾಡಬೇಕೋ ಗೊತ್ತಾಗಲಿಲ್ಲ.

ಆಶ್ರಮದ ಬಾಗಿಲಲ್ಲಿ ಇಳಿಸಿದಾಗ, "ಎರಡು ನಿಮಿಷ ಒಳಗೆ ಬನ್ನಿ. ಅವಳಿಗೆ ಯಾರಾದರೂ ಬಂದರೆ ಇಷ್ಟ" ಅಂದರು.

ಅವರ ಹೆಂಡತಿ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಪುಟ್ಟ ಜೀವ. ತಲೆ ನೀಟಾಗಿ ಬಾಚಿತ್ತು. ಗಂಡನನ್ನು ನೋಡಿ, "ನೀವು ಯಾರ ಕಡೆಯೋರು?" ಅಂದರು. ಮೇಷ್ಟ್ರು ಪಕ್ಕದಲ್ಲಿ ಕೂತು ಅವರ ಕೈ ಸವರತೊಡಗಿದರು. "ನಮ್ಮ ಮನೇಲಿ ಈಗ ಇವರು ಇದ್ದಾರೆ ನೋಡು" ಅಂತ ನನ್ನ ತೋರಿಸಿದರು.

ಮನೆ ಅಂದ ತಕ್ಷಣ ಆ ಮುಖ ನನ್ನ ಕಡೆ ತಿರುಗಿತು.

"ಹಿಂದಿನ ಕೋಣೇಲಿ ಯಾರು ಮಲಗ್ತಾರಮ್ಮ?"

ಮೇಷ್ಟ್ರ ಕೈ ನಿಂತುಬಿಟ್ಟಿತು.

"ಯಾರೂ ಮಲಗಲ್ಲ" ಅಂದೆ.

"ಒಳ್ಳೇದಾಯ್ತು" ಅಂದರು ಆಕೆ. "ಯಾರನ್ನೂ ಮಲಗಿಸಬೇಡ. ನಮ್ಮ ಯಜಮಾನರಿಗೂ ಹೇಳ್ತಾನೇ ಇದ್ದೆ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ನೀನು ಒಬ್ಬಳೇನಾ?" ಅಂದರು.

ಹೂಂ ಅಂದೆ. ತಮ್ಮ ಕುರ್ಚಿಯ ಪಕ್ಕದ ಬೆಂಚನ್ನು ಕೈಯಲ್ಲಿ ತಟ್ಟಿ ತೋರಿಸಿದರು. ಮೂರು ಗಂಟೆಗೆ ಒಬ್ಬ ಹೊಸ ಹುಡುಗಿಯ ಕ್ಲಾಸಿತ್ತು. ಹೋಗಲಿಲ್ಲ. ಬಿಸಿಲು ಇಳಿಯುವವರೆಗೂ ಅಲ್ಲೇ ಕೂತಿದ್ದೆ.